ಕಳೆದ ನಿದ್ದೆ ಮರಳೀತೆ?

ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿದ ಮೇಲೆ ತುಳುನಾಡಿನಲ್ಲಿ ಇರುಳಿನ ಕಾಲ ಮೊದಲಾಗುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಊರೂರಿನ ಸ್ಥಾನಗಳಲ್ಲಿ ಕೋಲ, ನೇಮಗಳು ನಡೆಯುತ್ತವೆ. ಕಾರ್ಕಳದ ಬಳಿಯ ಮಿಯಾರಿನ ಕಂಬಳದಲ್ಲಿ ಕೋಣಗಳು ಹಗಲು ಇರುಳೆನ್ನದೆ ಓಡುತ್ತವೆ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿಯ ಮಾರಿಪೂಜೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಉಡುಪಿಯ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವುದು ನಸುಕು ಹರಿಯುವುದಕ್ಕೂ ಮೊದಲು. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ, ಇವುಗಳಲ್ಲಿ ಬಹುಪಾಲು ನಿಲ್ಲುತ್ತವೆ.

ಈ ಕ್ರಮವನ್ನು ಹಾಕಿಕೊಂಡವರು ಬೇಸಾಯಗಾರರು. ಇರುಳೆಲ್ಲ ಆಟ ನೋಡಿದವನು ಮರುದಿನ ಮಧ್ಯಾಹ್ನದವರೆಗೆ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದರೆ ಯಾವ ಕೆಲಸವೂ ಕೆಡುತ್ತಿರಲಿಲ್ಲ. ವಿದ್ಯಾರ್ಥಿಯ ಪಂಚಾಂಗ ಬೇರೆ. ಆತನ ಮುಖ್ಯ ಪರೀಕ್ಷೆಗಳು ಬರುವುದು ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ, ಇರುಳಿನ ಕಾಲವು ತುಂಬಿ ನಿಂತಿರುವಾಗಲೇ. ಆಟಕ್ಕೆ ಹೋಗದವನೂ ಸುಖವಾಗಿ ಮಲಗಿರುತ್ತಾನೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಯ ದಿನಗಳಲ್ಲಿ ಮಣಿಪಾಲದ ವಿದ್ಯಾರ್ಥಿ ನಿಲಯಗಳ ಕಿಟಕಿಗಳಲ್ಲಿ ಇರುಳು ಎರಡು ಗಂಟೆಯಾದರೂ ದೀಪ ಆರಿರುವುದಿಲ್ಲ. ಯಾರನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: “ಭಾನುವಾರ ಮಲಗಿ ತೀರಿಸಿಬಿಟ್ಟರಾಯಿತು.” ಈ ತೀರಿಸುವಿಕೆ ಸಾಧ್ಯವೆ, ಸಾಧ್ಯವಾದರೆ ಎಷ್ಟರ ಮಟ್ಟಿಗೆ, ಯಾವ ಕ್ರಮದಿಂದ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ನಮಗೆ ನಿದ್ದೆ ಏಕೆ ಬರುತ್ತದೆ ಎಂಬುದನ್ನು ತಿಳಿಯಬೇಕು. ನಿದ್ದೆಯನ್ನು ಆಳುವ ಒಡೆಯರು ಇಬ್ಬರು. ಒಬ್ಬನು ಎಚ್ಚರದ ಅವಧಿಯನ್ನು ಲೆಕ್ಕವಿಡುತ್ತಾನೆ. ನಾವು ಎಚ್ಚತ್ತಿರುವಷ್ಟು ಕಾಲವೂ ಮಿದುಳಿನ ಜೀವಕಣಗಳು ಶಕ್ತಿಯನ್ನು ವ್ಯಯಿಸುತ್ತವೆ. ಆ ವ್ಯಯದ ಫಲವಾಗಿ ಅಡಿನೋಸಿನ್ ಎಂಬ ವಸ್ತು ಅಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಒತ್ತಡ ಹೆಚ್ಚುತ್ತದೆ, ಮಲಗಿದಾಗ ಕರಗುತ್ತದೆ. ಕಾಫಿ, ಚಹಗಳಲ್ಲಿರುವ ಕೆಫೀನ್ ಈ ಅಡಿನೋಸಿನ್ ಕುಳಿತುಕೊಳ್ಳಬೇಕಾದ ಪೀಠಗಳನ್ನು ತಾನೇ ಆಕ್ರಮಿಸಿಕೊಳ್ಳುವುದರಿಂದ ಮಿದುಳಿಗೆ ದಣಿವಿನ ಸುದ್ದಿ ಮುಟ್ಟುವುದಿಲ್ಲ. ದಣಿವು ಹೋಯಿತೆಂದಲ್ಲ, ಸುದ್ದಿ ತಡೆಯಿತೆಂದಷ್ಟೇ ಅರ್ಥ.

ಎರಡನೆಯ ಒಡೆಯನು ನಮ್ಮೊಳಗಿನ ಗಡಿಯಾರ. ಕಣ್ಣಿನಿಂದ ಹೊರಟ ನರಗಳು ಒಂದನ್ನೊಂದು ದಾಟುವ ಎಡೆಯ ಮೇಲೆ, ಮಿದುಳಿನ ತಳಭಾಗದಲ್ಲಿ, ಸುಮಾರು 20,000 ಜೀವಕಣಗಳ ಒಂದು ಪುಟ್ಟ ಗುಂಪಿದೆ. ದೇಹದ ಶಾಖ, ರಸಗ್ರಂಥಿಗಳ ಸ್ರಾವ, ಎಚ್ಚರ, ಮಂಪರು ಇವುಗಳ ದಿನದ ಏರಿಳಿತವನ್ನು ನಿಯಮಿಸುವುದು ಇದೇ. ಇಂಥದೊಂದು ಗಡಿಯಾರ ಜೀವಿಗಳೊಳಗೆ ಇದೆಯೆಂಬ ಸುಳಿವು ಮೊದಲು ದೊರೆತುದು ನಮ್ಮ ಗದ್ದೆಯ ಬದುವಿನ ಮೇಲೆಲ್ಲ ಬೆಳೆಯುವ ಮುಟ್ಟಿದರೆ ಮುನಿಯಂಥ ಗಿಡದಿಂದ. ಅದರ ಎಲೆಗಳು ಹಗಲು ಅರಳಿ ಇರುಳು ಮುಚ್ಚುವುದನ್ನು ಎಲ್ಲರೂ ಕಂಡಿರುವರು. 1729ರಲ್ಲಿ ಡ ಮೇರಾಂ ಎಂಬ ಫ್ರೆಂಚ್ ವಿದ್ವಾಂಸನು ಅಂಥ ಗಿಡವೊಂದನ್ನು ಬೆಳಕು ಸುಳಿಯದ ಕತ್ತಲೆಯಲ್ಲಿಟ್ಟು ನೋಡಿದನು. ಸೂರ್ಯನನ್ನು ಕಾಣದೆಯೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಡಿಸಿತು, ಹೊತ್ತಿಗೆ ಸರಿಯಾಗಿ ಮುಚ್ಚಿತು! ನಮ್ಮ ದೇಶದಲ್ಲಿ ಎಂ.ಕೆ. ಚಂದ್ರಶೇಖರನ್ ಅವರು ಮಧುರೆಯ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿದ್ದಾಗ ಗುಹೆಯ ಬಾವಲಿಗಳಲ್ಲಿ ಈ ಗಡಿಯಾರವನ್ನು ಅಭ್ಯಸಿಸಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಆ ಕೆಲಸವನ್ನು ಬೆಳೆಸಿದರು. ಹಣ್ಣಿನ ನೊಣದಲ್ಲಿ ಈ ಗಡಿಯಾರದ ಅಂಗಾಂಗಗಳನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಈ ಎರಡನ್ನೂ ಕೂಡಿಸಿ ಆಟದ ಇರುಳನ್ನು ನೋಡೋಣ. ಇರುಳು ಒಂಬತ್ತಕ್ಕೆ ಚೆಂಡೆಯ ಪೆಟ್ಟು ಬಿದ್ದಾಗ ಎಲ್ಲರ ಕಣ್ಣೂ ಅಗಲವಾಗಿರುತ್ತದೆ. ಎರಡು ಗಂಟೆಯ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಲ್ಲಲ್ಲೇ ಉರುಳಿರುತ್ತಾರೆ. ಮೂರು, ನಾಲ್ಕರ ಸುಮಾರಿಗೆ ದೊಡ್ಡವರ ತಲೆಯೂ ಎದೆಯ ಮೇಲೆ ಬೀಳುತ್ತದೆ. ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚಿ ಎದ್ದವರು ಅರೆ ನಿಮಿಷದಲ್ಲಿ ಮತ್ತೆ ತೂಕಡಿಸುತ್ತಾರೆ. ಆ ಹೊತ್ತಿನಲ್ಲಿ ನಿದ್ದೆಯ ಒತ್ತಡವೂ ಬಲವಾಗಿರುತ್ತದೆ, ಗಡಿಯಾರವು ದೇಹದ ಶಾಖವನ್ನೂ ತೀರ ಕೆಳಗಿಳಿಸಿರುತ್ತದೆ. ಆದರೆ ಬೆಳಗಾಗಿ ಮಂಗಳ ಹಾಡುವ ಹೊತ್ತಿಗೆ ಅದೇ ಪ್ರೇಕ್ಷಕನು ಲವಲವಿಕೆಯಿಂದ ಎದ್ದು ಚಹ ಕುಡಿದು ಮನೆಗೆ ಹೊರಡುತ್ತಾನೆ. ಒಂದು ನಿಮಿಷವೂ ಮಲಗಿಲ್ಲ; ಆದರೂ ನಾಲ್ಕು ಗಂಟೆಗಿಂತ ಏಳು ಗಂಟೆಗೆ ಆತನು ಹೆಚ್ಚು ಚುರುಕು. ಇದೆಂಥ ವಿಚಿತ್ರ!

ವಿಚಿತ್ರವೇನೂ ಇಲ್ಲ. ಒಳಗಿನ ಗಡಿಯಾರವು ಬೆಳಗನ್ನು ಸಾರಿದೆ, ಅಷ್ಟೇ. ಒತ್ತಡವು ಹಾಗೆಯೇ ಇದೆ, ಇನ್ನೂ ಹೆಚ್ಚುತ್ತಲೂ ಇದೆ. ಈ ಶತಮಾನದಲ್ಲಿ ನಡೆದ ಪ್ರಯೋಗಗಳಿಗೆಲ್ಲ ತಳಹದಿ ಹಾಕಿದ ಚಿಕಾಗೋ ನಗರದ ನಥಾನಿಯಲ್ ಕ್ಲೈಟ್‌ಮನ್ ಈ ಏರಿಳಿತವನ್ನು 1920ರ ದಶಕದಲ್ಲಿಯೇ ಗುರುತಿಸಿದ್ದರು. ವಿದ್ಯಾರ್ಥಿಗೆ ಇದರಿಂದ ಆಗುವ ಕೇಡೆಂದರೆ, ಬೆಳಗಿನ ಆ ಲವಲವಿಕೆಯನ್ನು ಕಂಡು “ನನಗೇನೂ ಆಗಿಲ್ಲ, ನಾನು ಗುಡಾಕೇಶನೇ ಸರಿ” ಎಂದು ಆತನು ನಂಬಿಬಿಡುವುದು. ನಿದ್ದೆಯನ್ನು ಗೆದ್ದವನೆಂಬ ಆ ಬಿರುದು ಅರ್ಜುನನಿಗೆ ಸಲ್ಲಲಿ.

ಉಡುಪಿಯ ಸೂರ್ಯ, ದೇಶದ ಗಡಿಯಾರ

ಇಲ್ಲಿ ನಮ್ಮ ಊರಿಗೇ ವಿಶೇಷವಾದ ಒಂದು ಲೆಕ್ಕವನ್ನು ಮಾಡಬೇಕಾಗಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ನಿಯತಕಾಲವನ್ನು ಗೊತ್ತುಮಾಡಿರುವುದು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ. ಉಡುಪಿ ಇರುವುದು ಸುಮಾರು 74¾ ಡಿಗ್ರಿಯಲ್ಲಿ. ಅಂತರ 7¾ ಡಿಗ್ರಿ. ನಾಲ್ಕರಿಂದ ಗುಣಿಸಿದರೆ 31 ನಿಮಿಷ. ಎಂದರೆ, ವರ್ಷದ ಸರಾಸರಿಯಲ್ಲಿ, ಉಡುಪಿಯಲ್ಲಿ ಸೂರ್ಯನು ನೆತ್ತಿಯ ರೇಖೆಗೆ ಬರುವಾಗ ಗೋಡೆಯ ಗಡಿಯಾರ 12 ಗಂಟೆ 31 ನಿಮಿಷ ತೋರಿಸುತ್ತಿರುತ್ತದೆ. ಕಾರ್ಕಳವು ಕಾಪುವಿಗಿಂತ ಕಾಲು ಡಿಗ್ರಿ ಪೂರ್ವಕ್ಕಿರುವುದರಿಂದ ಅಲ್ಲಿಗೆ ಸೂರ್ಯನು ಒಂದು ನಿಮಿಷ ಮುಂಚಿತವಾಗಿ ಬರುತ್ತಾನೆ. ಕಲಕತ್ತೆಗಾದರೋ ಕಾಪುವಿಗಿಂತ ಸುಮಾರು 55 ನಿಮಿಷ ಮುಂಚೆ. ಆದರೆ ಶಾಲೆಯ ಗಂಟೆ ಎಲ್ಲೆಡೆಯೂ ಗೋಡೆಯ ಗಡಿಯಾರದಂತೆಯೇ ಬಾರಿಸುತ್ತದೆ.

ನಮ್ಮೊಳಗಿನ ಗಡಿಯಾರಕ್ಕೆ ಗೋಡೆಯ ಗಡಿಯಾರ ಕಾಣಿಸುವುದಿಲ್ಲ. ಅದು ಬೆಳಕನ್ನು ನೋಡಿ ತನ್ನ ಮುಳ್ಳುಗಳನ್ನು ತಿದ್ದಿಕೊಳ್ಳುತ್ತದೆ. ಪಡುಗಡಲಿನ ಅಂಚಿನಲ್ಲಿರುವ ನಮಗೆ ಸಂಜೆಯ ಬೆಳಕು ತಡವಾಗಿ ಹೋಗುತ್ತದೆ, ಬೆಳಗಿನ ಬೆಳಕು ತಡವಾಗಿ ಬರುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯೋದಯವಾಗುವುದು ಏಳು ಗಂಟೆಗೆ ಸಮೀಪ. ಕಾರ್ಕಳದ ಆಚೆಯ ಹಳ್ಳಿಯಿಂದ ಮಣಿಪಾಲದ ಕಾಲೇಜಿಗೆ ಹೋಗುವ ಹುಡುಗಿ ಆ ಹೊತ್ತಿಗೆ ಎದ್ದು, ಮಿಂದು, ತಿಂಡಿ ತಿಂದು, ಬಸ್ಸಿನಲ್ಲಿ ಕುಳಿತಾಗಿರುತ್ತದೆ. ಭಾರತದ ಬೇರೆ ಬೇರೆ ಜಿಲ್ಲೆಗಳ ಅಂಕಿ ಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿಯವರು, ಸೂರ್ಯಾಸ್ತವು ತಡವಾಗುವ ಎಡೆಗಳಲ್ಲಿ ಮಕ್ಕಳು ತಡವಾಗಿ ಮಲಗುತ್ತಾರೆ, ಆದರೆ ಶಾಲೆಯ ಹೊತ್ತು ಒಂದೇ ಆಗಿರುವುದರಿಂದ ತಡವಾಗಿ ಏಳಲಾರರು, ಅಷ್ಟರಮಟ್ಟಿಗೆ ಅವರ ನಿದ್ದೆಯೂ ಓದೂ ಕುಂದುತ್ತವೆ ಎಂಬುದನ್ನು ತೋರಿಸಿದ್ದಾರೆ. ಕರಾವಳಿಯ ಶಾಲೆಗಳ ಗಂಟೆಯನ್ನು ಅರ್ಧ ತಾಸು ಹಿಂದೆ ಸರಿಸಿ, ಎಂದರೆ ತಡಮಾಡಿ, ಬಾರಿಸಿದರೆ ತಪ್ಪೇನು ಎಂಬ ಪ್ರಶ್ನೆ ನಮಗೆ ಹಗುರವಾದುದಾಗಿ ತೋರುವುದಿಲ್ಲ.

ಇದರ ಮೇಲೆ ವಯಸ್ಸಿನ ಧರ್ಮವೊಂದಿದೆ. ಹರೆಯ ಕಾಲಿಟ್ಟಾಗ ಒಳಗಿನ ಗಡಿಯಾರವೇ ಹಿಂದೆ ಬೀಳುತ್ತದೆಯೆಂಬುದು ಅಮೆರಿಕದ ಮೇರಿ ಕಾರ್ಸ್ಕೇಡನ್ ಮತ್ತು ಸಂಗಡಿಗರ ಸಂಶೋಧನೆಗಳಿಂದ ತಿಳಿದಿದೆ. ಹತ್ತು ವರ್ಷದ ಮಗು ಎಂಟೂವರೆಗೇ ಕಣ್ಣು ಮುಚ್ಚಿದರೆ ಹದಿನಾರರ ಹುಡುಗನಿಗೆ ಹನ್ನೊಂದಾದರೂ ನಿದ್ದೆ ಸುಳಿಯುವುದಿಲ್ಲ. ಹಿರಿಯರು ಇದನ್ನು ಸೋಮಾರಿತನವೆಂದು ಕರೆದರೆ ಪೂರ್ಣ ಸತ್ಯವಾಗದು. ಆದರೆ ಹುಡುಗನು ಆ ಹೊತ್ತಿನಲ್ಲಿ ಪ್ರಖರವಾದ ದೀಪದಡಿ ಕುಳಿತು, ಅಂಗೈಯಲ್ಲಿ ಫೋನು ಹಿಡಿದು, ಹಿಂದೆ ಬಿದ್ದುದನ್ನು ಮತ್ತಷ್ಟು ಹಿಂದಕ್ಕೆ ನೂಕುತ್ತಾನೆಂಬುದೂ ಸುಳ್ಳಲ್ಲ. ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭವನ್ನು ಕಟ್ಟಿದಾಗ ಸುತ್ತಲಿನ ಮನೆಗಳಲ್ಲಿದ್ದುದು ಚಿಮಿಣಿ ದೀಪಗಳು. ಅವುಗಳ ಮಂದವಾದ ಬೆಳಕು ಇರುಳಿನ ರಸವಾದ ಮೆಲಟೋನಿನನ್ನು ಹೆಚ್ಚು ಕದಡುತ್ತಿರಲಿಲ್ಲ. ಫೋನಿನ ವಿಷಯದಲ್ಲಿ ಬೆಳಕಿಗಿಂತಲೂ ಅದರೊಳಗಿನ ಮುಗಿಯದ ಮಾತೇ ಹೆಚ್ಚು ನಿದ್ದೆಗೆಡಿಸುವುದೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಎಷ್ಟು ನಿದ್ದೆ ಬೇಕು? ಹದಿಮೂರರಿಂದ ಹದಿನೆಂಟರವರೆಗಿನವರಿಗೆ 8ರಿಂದ 10 ಗಂಟೆ, ಅನಂತರ 7 ಗಂಟೆಗೆ ಕಡಿಮೆಯಾಗದಷ್ಟು ಎಂದು 2016ರ ಸುಮಾರಿಗೆ ನಿದ್ರಾವೈದ್ಯರು ಒಮ್ಮತಕ್ಕೆ ಬಂದರು. ಮೇಲೆ ಹೇಳಿದ ಹುಡುಗಿ ಐದೂವರೆಗೆ ಏಳಬೇಕಾದರೆ ಒಂಬತ್ತೂವರೆಗೆ ಮಲಗಿದರೆ ತಾನೆ ಎಂಟು ಗಂಟೆ? ಆಕೆ ಮಲಗುವುದು ಹನ್ನೊಂದಕ್ಕೆ. ದಿನಕ್ಕೆ ಒಂದೂವರೆ ಗಂಟೆಯಂತೆ ಆರು ಇರುಳಿಗೆ 9 ಗಂಟೆಯ ಕೊರತೆ. ಭಾನುವಾರ ಒಂಬತ್ತರವರೆಗೆ ಮಲಗಿದರೂ ಹೆಚ್ಚಾಗಿ ದೊರೆಯುವುದು ಎರಡೇ ಗಂಟೆ.

ಕಡಿಮೆ ನಿದ್ದೆಗೆ ಒಗ್ಗಿಕೊಳ್ಳಬಹುದೆ?

“ನನಗೆ ಆರು ಗಂಟೆ ಸಾಕು, ಅಭ್ಯಾಸವಾಗಿದೆ” ಎನ್ನುವವರನ್ನು ನಾವು ದಿನವೂ ಕಾಣುತ್ತೇವೆ. ಈ ಮಾತನ್ನು ಒರೆಗೆ ಹಚ್ಚಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಹಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮೊದಲಾದವರು ಆರೋಗ್ಯವಂತ ತರುಣ ತರುಣಿಯರನ್ನು ಗುಂಪುಗಳಾಗಿ ಮಾಡಿ, 14 ದಿನಗಳ ಕಾಲ ಒಂದು ಗುಂಪಿಗೆ ಇರುಳಿಗೆ 8 ಗಂಟೆ, ಇನ್ನೊಂದಕ್ಕೆ 6, ಮತ್ತೊಂದಕ್ಕೆ 4 ಗಂಟೆ ಮಾತ್ರ ಮಲಗಗೊಟ್ಟರು. ಹಗಲಿನಲ್ಲಿ ಅವರ ಗಮನವನ್ನು ಪರೀಕ್ಷಿಸಿದರು: ಪರದೆಯ ಮೇಲೆ ಗುರುತು ಮೂಡಿದೊಡನೆ ಗುಂಡಿ ಒತ್ತಬೇಕು, ಅಷ್ಟೇ. ಎಂಟು ಗಂಟೆಯವರು ಮೊದಲಿದ್ದಂತೆಯೇ ಉಳಿದರು. ಆರು ಗಂಟೆಯವರ ತಪ್ಪುಗಳು ದಿನದಿನಕ್ಕೂ ಏರುತ್ತ ಹೋಗಿ, ಎರಡು ವಾರ ಮುಗಿಯುವಾಗ ಒಂದು ಇರುಳು ಪೂರ್ತಿ ನಿದ್ದೆಗೆಟ್ಟವರ ಮಟ್ಟವನ್ನು ಮುಟ್ಟಿದವು. ನಾಲ್ಕು ಗಂಟೆಯವರದು ಎರಡು ಇರುಳು ನಿದ್ದೆಗೆಟ್ಟವರ ಮಟ್ಟ.

ಇಷ್ಟಾದರೆ ಆಶ್ಚರ್ಯಪಡಬೇಕಾಗಿರಲಿಲ್ಲ. “ನಿಮಗೆ ಎಷ್ಟು ನಿದ್ದೆ ಬರುತ್ತಿದೆ?” ಎಂದು ಕೇಳಿದಾಗ ಅವರು ಕೊಟ್ಟ ಉತ್ತರವೇ ನಮ್ಮನ್ನು ಚಿಂತೆಗೀಡುಮಾಡುವಂಥದು. ಮೊದಲ ಕೆಲವು ದಿನ ಮಂಪರು ಹೆಚ್ಚಿತೆಂದರು; ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಇದೆಯೆಂದರು. ತಪ್ಪುಗಳು ಏರುತ್ತಿದ್ದವು, ಅನಿಸಿಕೆ ಏರುತ್ತಿರಲಿಲ್ಲ. ಒಗ್ಗಿಕೊಂಡುದು ಮಿದುಳಲ್ಲ, ಮಿದುಳಿನ ಬಗೆಗಿನ ನಮ್ಮ ಭಾವನೆ. ತನ್ನ ನಿದ್ದೆಯ ಕೊರತೆಯನ್ನು ತಾನೇ ಅಳೆಯಲು ಹೊರಟವನು, ಸವೆದ ಪಡಿಯಿಂದ ಭತ್ತ ಅಳೆದಂತೆ.

ಓದಿಗೂ ನಿದ್ದೆಗೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ತೋರಿಸಿದವರು ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್ ಮತ್ತು ಡಾಲನ್‌ಬಾಕ್, 1924ರಲ್ಲಿ. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಕೆಲವೊಮ್ಮೆ ಒಡನೆಯೇ ಮಲಗಿಸಿದರು, ಕೆಲವೊಮ್ಮೆ ದಿನದ ಕೆಲಸಕ್ಕೆ ಕಳುಹಿಸಿದರು. ಎಂಟು ಗಂಟೆ ಕಳೆದು ಕೇಳಿದಾಗ, ಮಲಗಿದ್ದವರಿಗೆ ಹತ್ತರಲ್ಲಿ ಐದಾರು ನೆನಪಿದ್ದವು; ಎಚ್ಚರವಿದ್ದವರಿಗೆ ಒಂದು. ಓದಿದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ಮತ್ತೆ ಮಗುಚಿ ಭದ್ರಪಡಿಸುತ್ತದೆಯೆಂಬುದು ಅನಂತರದ ಸಂಶೋಧನೆಗಳಿಂದ ಇನ್ನಷ್ಟು ಸ್ಪಷ್ಟವಾಗಿದೆ. ಅಲ್ಲದೆ ನಿದ್ದೆಗೆಟ್ಟ ಮಿದುಳು ಮರುದಿನ ಹೊಸದನ್ನು ಹಿಡಿದುಕೊಳ್ಳುವುದರಲ್ಲಿಯೂ ಹಿಂದೆ ಬೀಳುತ್ತದೆ. ಪರೀಕ್ಷೆಯ ಮುನ್ನಾ ಇರುಳು ಹನ್ನೆರಡರಿಂದ ನಾಲ್ಕರವರೆಗೆ ಓದುವವನು ನಾಲ್ಕು ಗಂಟೆಯ ಓದನ್ನು ಗಳಿಸಿದೆನೆಂದು ತಿಳಿಯುತ್ತಾನೆ. ಆ ನಾಲ್ಕು ಗಂಟೆಗೆ ಆತನು ಕೊಟ್ಟ ಬೆಲೆಯಲ್ಲಿ ಹಿಂದಿನ ಹದಿನೈದು ದಿನಗಳ ಓದಿನ ಒಂದು ಭಾಗವೂ ಸೇರಿದೆ.

ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ಹಾನಿಯೂ ಇದೆ. ಆಟ, ಕಂಬಳ ಮುಗಿಸಿ ಮುಂಜಾವಿನಲ್ಲಿ ತರುಣರು ಸ್ಕೂಟರು, ಮೋಟಾರು ಸೈಕಲುಗಳನ್ನೇರಿ ಹೆದ್ದಾರಿಗೆ ಬರುತ್ತಾರೆ. ತೀರ ನಿದ್ದೆಗೆಟ್ಟ ಮಿದುಳು ಕಣ್ಣು ತೆರೆದಿರುವಂತೆಯೇ ಎರಡು ಮೂರು ಕ್ಷಣ ನಿದ್ದೆಗೆ ಜಾರಿ ಮರಳಬಲ್ಲುದು. ಜಾರಿದವನಿಗೆ ಅದರ ಅರಿವೇ ಇರುವುದಿಲ್ಲ. ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಮೂರು ಸೆಕೆಂಡಿಗೆ 42 ಮೀಟರು. ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ, ಸುಮಾರು 13 ಮೀಟರು. ಅಂಥ ಮೂರು ಗೊಮ್ಮಟರನ್ನು ಒಬ್ಬರ ಮುಂದೊಬ್ಬರಂತೆ ಮಲಗಿಸಿದಷ್ಟು ದೂರವನ್ನು ಸವಾರನಿಲ್ಲದ ವಾಹನ ಕ್ರಮಿಸುತ್ತದೆ! 1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬವರು, 17 ಗಂಟೆ ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆಯು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನಿಗೆ ಸಮನಾಗಿ ಕುಂದುವುದನ್ನು ತೋರಿಸಿದರು. 24 ಗಂಟೆಗೆ ಅದು ಶೇಕಡ 0.10ರ ಮಟ್ಟಕ್ಕೆ ಬಂದಿತು. ನಮ್ಮ ದೇಶದ ಮೋಟಾರು ವಾಹನ ಕಾನೂನು ಸವಾರನಿಗೆ ಇಟ್ಟಿರುವ ಮಿತಿ ಶೇಕಡ 0.03. ಒಂದು ತೊಟ್ಟೂ ಕುಡಿಯದವನು ಬೆಳಗಿನ ಆರಕ್ಕೆ ಆ ಮಿತಿಯನ್ನು ಮೂರು ಪಾಲು ಮೀರಿದವನಂತಿರುತ್ತಾನೆ. ಅಂಥ ಮುಂಜಾವಿನಲ್ಲಿ ಬಸ್ಸಿಗೆ ಕಾದು ನಿಲ್ಲುವುದೇ ಲೇಸು.

ತೀರಿಸುವ ಬಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. 1896ರಲ್ಲಿ ಅಮೆರಿಕದ ಅಯೊವಾ ವಿಶ್ವವಿದ್ಯಾನಿಲಯದಲ್ಲಿ ಪ್ಯಾಟ್ರಿಕ್ ಮತ್ತು ಗಿಲ್ಬರ್ಟ್ ಎಂಬವರು ಮೂವರು ತರುಣರನ್ನು 90 ಗಂಟೆ ಎಚ್ಚರವಾಗಿಟ್ಟರು. ಬಳಿಕ ಅವರು ಮಲಗಿ ಎದ್ದಾಗ, ಕಳೆದ ಗಂಟೆಗಳಲ್ಲಿ ಸಣ್ಣ ಪಾಲನ್ನಷ್ಟೇ ಹೆಚ್ಚಾಗಿ ಮಲಗಿದ್ದರು. 1963ರ ಡಿಸೆಂಬರು, 1964ರ ಜನವರಿಗಳಲ್ಲಿ ಸ್ಯಾನ್ ಡಿಯೇಗೊ ನಗರದ ಹದಿನೇಳರ ಹೈಸ್ಕೂಲು ವಿದ್ಯಾರ್ಥಿ ರ‍್ಯಾಂಡಿ ಗಾರ್ಡ್ನರ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ 264 ಗಂಟೆ, ಎಂದರೆ 11 ದಿನ, ಎಚ್ಚರವಿದ್ದನು. ಆತನಿಗೆ ಮಾತು ತಡವರಿಸಿತು, ನೆನಪು ಕೆಟ್ಟಿತು, ಸ್ವಭಾವ ಸಿಡಿಮಿಡಿಗೊಂಡಿತು. ಕೊನೆಗೆ ಮಲಗಿದಾಗ ಹದಿನಾಲ್ಕು ಗಂಟೆಗಿಂತ ತುಸು ಹೆಚ್ಚು ಮಲಗಿ ಎದ್ದನು. ಇರುಳಿಗೆ ಏಳು ಗಂಟೆಯಂತೆ ಹಿಡಿದರೂ ಆತನು ಕಳೆದುಕೊಂಡುದು 75 ಗಂಟೆಗೂ ಹೆಚ್ಚು! ತಾನು ಬಹಳ ವರ್ಷಗಳ ಮೇಲೆ ತೀವ್ರವಾದ ನಿದ್ರಾಹೀನತೆಯಿಂದ ನರಳಿದುದಾಗಿ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಗಿನ್ನೆಸ್ ದಾಖಲೆಯವರು ಇಂಥ ಸಾಹಸಗಳನ್ನು ಈಗ ಸ್ವೀಕರಿಸುವುದಿಲ್ಲ.

ಹಾಗಾದರೆ ಉಳಿದ ಗಂಟೆಗಳು ಎಲ್ಲಿ ಹೋದವು? ನಿದ್ದೆಯೆಲ್ಲ ಒಂದೇ ಬಗೆಯದಲ್ಲ. ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಹಗುರವಾದ ನಿದ್ದೆ, ಗಾಢವಾದ ನಿದ್ದೆ, ಕಣ್ಣುಗುಡ್ಡೆ ಚಲಿಸುವ ಕನಸಿನ ನಿದ್ದೆ ಇವು ಒಂದಾದ ಮೇಲೊಂದು ಬರುತ್ತವೆ. ಕೊನೆಯದನ್ನು ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಪಡಿಸಿದರು. ನಿದ್ದೆಗೆಟ್ಟವನು ಮಲಗಿದಾಗ ಮಿದುಳು ಮೊದಲು ಗಾಢ ನಿದ್ದೆಯನ್ನೂ ಅನಂತರ ಕನಸಿನ ನಿದ್ದೆಯನ್ನೂ ಹೆಚ್ಚಾಗಿ ತುಂಬಿಕೊಳ್ಳುತ್ತದೆ. ಹಗುರವಾದ ಪಾಲನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದುದರಿಂದ ಒಂದು ಇರುಳನ್ನು ಕಳೆದುಕೊಂಡವನು ಗಂಟೆಗೆ ಗಂಟೆ ಲೆಕ್ಕ ಹಾಕಿ ಮಲಗಬೇಕಾಗಿಲ್ಲ. ಇದು ಸಮಾಧಾನದ ಸುದ್ದಿ.

ಹಲವು ದಿನಗಳ ಕೊರತೆಯಾದರೆ ಸಮಾಧಾನಕ್ಕೆ ಎಡೆ ಕಡಿಮೆ. ಅಮೆರಿಕದ ವಾಲ್ಟರ್ ರೀಡ್ ಸೈನ್ಯ ಸಂಶೋಧನ ಸಂಸ್ಥೆಯಲ್ಲಿ ಬೆಲೆಂಕಿ ಮತ್ತು ಸಂಗಡಿಗರು ಒಂದು ವಾರ ಕಾಲ ಇರುಳಿಗೆ 3, 5, 7 ಗಂಟೆ ಮಲಗಿದವರಿಗೆ ಬಳಿಕ ಮೂರು ಇರುಳು ತಲಾ 8 ಗಂಟೆ ಮಲಗಲು ಬಿಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ಇರುಳಾದ ಮೇಲೂ ಅವರು ಮೊದಲಿನ ಚುರುಕಿಗೆ ಮರಳಿರಲಿಲ್ಲ. ಒಂದು ಭಾನುವಾರದಿಂದ ಎಲ್ಲವೂ ತೀರದೆಂಬುದು ಇದರಿಂದ ಸ್ಪಷ್ಟ. ಮೇಲಾಗಿ ಭಾನುವಾರ ಎರಡೂವರೆ ಗಂಟೆ ತಡವಾಗಿ ಮಲಗಿ ತಡವಾಗಿ ಎದ್ದವನ ಒಳಗಡಿಯಾರವು ಕುವೈತಿನ ಹೊತ್ತಿನತ್ತ ಸರಿಯುತ್ತದೆ. ಭಾರತಕ್ಕೂ ಕುವೈತಿಗೂ ಅಂತರ ಅಷ್ಟೇ. ಪ್ರತಿ ಶನಿವಾರ ಕೊಲ್ಲಿಗೆ ಹಾರಿ ಸೋಮವಾರ ಬೆಳಗ್ಗೆ ಮರಳಿದವನು ಮೊದಲನೆಯ ತರಗತಿಯಲ್ಲಿ ತೂಕಡಿಸದೆ ಇನ್ನೇನು ಮಾಡಿಯಾನು?

ಆಟವನ್ನೂ ಪರ್ಯಾಯವನ್ನೂ ನೋಡಬಾರದೆಂದು ನಾವು ಹೇಳುವುದಿಲ್ಲ. ನೋಡದಿದ್ದರೆ ಈ ಊರಿನಲ್ಲಿ ಹುಟ್ಟಿಯೂ ಏನೋ ಕಳೆದುಕೊಂಡಂತೆ. ಕೆಲವು ಮೇಳಗಳು ಇತ್ತೀಚಿನ ವರ್ಷಗಳಲ್ಲಿ ಕಾಲಮಿತಿಯ ಪ್ರದರ್ಶನಕ್ಕೆ ಬಂದಿರುವುದು ವಿದ್ಯಾರ್ಥಿಗಳ ಮಟ್ಟಿಗೆ ಅನುಕೂಲವೇ. ಇಡೀ ಇರುಳು ಎಚ್ಚರವಿರಲೇಬೇಕಾದಾಗ ಮುಂಚಿನ ನಾಲ್ಕೈದು ದಿನ ಒಂದು ಗಂಟೆ ಹೆಚ್ಚಾಗಿ ಮಲಗಬೇಕು. ಹಾಗೆ ಮುಂಗಡವಾಗಿ ಮಲಗಿದವರು ಅನಂತರದ ಕೊರತೆಯನ್ನು ಉತ್ತಮವಾಗಿ ತಾಳಿಕೊಳ್ಳುವುದು 2009ರ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಕುಂಭಕರ್ಣನಂತೆ ಆರು ತಿಂಗಳದನ್ನು ಕೂಡಿಡಲಾಗದು, ಆದರೆ ಕೆಲವು ದಿನಗಳದು ಸಾಧ್ಯ. ಆ ದಿನ ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ, ಎಂದರೆ ಒಂದು ಪೂರ್ಣ ಸುತ್ತು, ಮಲಗುವುದು ಒಳ್ಳೆಯದು.

ಮರುದಿನ ಬೆಳಗ್ಗೆ ಮನೆಗೆ ಬಂದೊಡನೆ ಎರಡು ಮೂರು ಗಂಟೆ ಮಾತ್ರ ಮಲಗಿ, ಹತ್ತು ಹನ್ನೊಂದರ ಒಳಗೆ ಏಳಬೇಕು. ಸಂಜೆಯವರೆಗೆ ಮಲಗಿದವನಿಗೆ ಆ ಇರುಳೂ ನಿದ್ದೆ ಬಾರದೆ ಎರಡು ಇರುಳು ಕೆಡುತ್ತವೆ. ಎದ್ದ ಮೇಲೆ ಅಂಗಳದ ಬೆಳಕಿಗೆ ಬರಬೇಕು. ಕೋಣೆಯ ದೀಪ ನೂರಿನ್ನೂರು ಲಕ್ಸ್ ಇದ್ದರೆ ಮರದ ನೆರಳಿನ ಹಗಲು ಸಾವಿರಾರು ಲಕ್ಸ್. ಗಡಿಯಾರವನ್ನು ತಿದ್ದುವ ಶಕ್ತಿ ಅದಕ್ಕಿದೆ. ಮಣಿಪಾಲದಲ್ಲಿರುವವರು ಸ್ವರ್ಣಾ ನದಿಯ ಕಣಿವೆ ಕಾಣುವ ಎಂಡ್ ಪಾಯಿಂಟಿನವರೆಗೆ ನಡೆದುಬಂದರೆ ಸಾಕು. ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧವು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಅಂದಿನ ಇರುಳೂ ಮರು ಇರುಳೂ ವಾಡಿಕೆಗಿಂತ ಒಂದು ಗಂಟೆ ಮೊದಲು ಮಲಗಿ, ಬೆಳಗ್ಗೆ ವಾಡಿಕೆಯ ಹೊತ್ತಿಗೇ ಎದ್ದರೆ ಒಂದು ಇರುಳಿನ ನಷ್ಟ ಬಹುಮಟ್ಟಿಗೆ ತುಂಬುತ್ತದೆ.

ತಿಂಗಳುಗಟ್ಟಲೆ ಬೆಳೆದ ಕೊರತೆಗೆ ದಾರಿ ಇನ್ನೂ ನಿಧಾನವಾದುದು. ಏಳುವ ಹೊತ್ತನ್ನು ಭಾನುವಾರವೂ ಸೇರಿ ಒಂದೇ ಆಗಿರಿಸಿ, ಅಥವಾ ಹೆಚ್ಚೆಂದರೆ ಒಂದು ಗಂಟೆ ಸಡಿಲಿಸಿ, ಮಲಗುವ ಹೊತ್ತನ್ನು ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತರಬೇಕು. ಒಮ್ಮೆಲೇ ಎರಡು ಗಂಟೆ ಮೊದಲು ಹಾಸಿಗೆ ಸೇರಿದವನು ಕತ್ತಲೆಯಲ್ಲಿ ಹೊರಳಾಡುವನಲ್ಲದೆ ಮಲಗಲಾರನು. ನಮ್ಮ ಒಳಗಡಿಯಾರದ ದಿನವು 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ತಡಮಾಡುವುದು ಅದಕ್ಕೆ ಸುಲಭ, ಮುಂಚೆ ತರುವುದು ಕಷ್ಟ. ಕರಾವಳಿಯ ಮಾರ್ಚಿ, ಏಪ್ರಿಲ್ ತಿಂಗಳ ಸೆಕೆಯೂ ಒಂದು ಅಡ್ಡಿ. ದೇಹದ ಒಳಶಾಖ ಇಳಿಯದೆ ನಿದ್ದೆ ಹತ್ತುವುದಿಲ್ಲ. ಬೆವರು ಆರದ ಹವೆಯಲ್ಲಿ ಶಾಖ ಇಳಿಯದು. ಸಂಜೆ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಮೀಯುವ ಹಿರಿಯರ ವಾಡಿಕೆ ಇಲ್ಲಿ ನೆರವಾಗುತ್ತದೆ. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ಬಿಡುವುದರಿಂದ, ಮಲಗುವ ಒಂದೆರಡು ಗಂಟೆ ಮೊದಲು ಮಿಂದವರಿಗೆ ನಿದ್ದೆ ಬೇಗ ಹತ್ತುತ್ತದೆ. ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ, ಅಥವಾ ಎಷ್ಟು ಮಲಗಿದರೂ ಹಗಲು ತೂಕಡಿಕೆ ಬಿಡದಿದ್ದರೆ, ವೈದ್ಯರನ್ನು ಕಾಣಬೇಕು. ಗುಳಿಗೆಯನ್ನು ತಾನಾಗಿ ಕೊಂಡು ನುಂಗಬಾರದು.

ತನ್ನ ಸ್ಥಿತಿಯನ್ನು ಅನಿಸಿಕೆಯಿಂದ ಅಳೆಯಲಾಗದೆಂದು ಹೇಳಿದೆವಷ್ಟೆ. ಅಳೆಯಲು ಮನೆಯಲ್ಲಿಯೇ ಒಂದು ಉಪಾಯವಿದೆ. 30 ಸೆಂಟಿಮೀಟರಿನ ಅಳತೆಗೋಲೊಂದನ್ನು ಗೆಳೆಯನು ಮೇಲ್ತುದಿಯಲ್ಲಿ ಹಿಡಿದು ತೂಗಬಿಡಲಿ. ಕೆಳಗೆ, ಸೊನ್ನೆಯ ಗೆರೆಯ ಎರಡು ಬದಿಗೆ, ಮುಟ್ಟದಂತೆ ನಿಮ್ಮ ಹೆಬ್ಬೆರಳು ತೋರುಬೆರಳುಗಳನ್ನು ಇಡಿ. ಆತನು ಹೇಳದೆ ಬಿಟ್ಟಾಗ ತಟ್ಟನೆ ಹಿಡಿಯಬೇಕು. ಬೀಳುವ ವಸ್ತುವಿನ ನಿಯಮದಂತೆ, 15 ಸೆಂಟಿಮೀಟರಿಗೆ ಹಿಡಿದರೆ ತಗಲಿದ ಕಾಲ 0.17 ಸೆಕೆಂಡು, 20ಕ್ಕೆ 0.20, 25ಕ್ಕೆ 0.23. ಚೆನ್ನಾಗಿ ಮಲಗಿದ ಒಂದು ವಾರ, ಪ್ರತಿ ಬೆಳಗ್ಗೆ ಒಂದೇ ಹೊತ್ತಿಗೆ ಇಪ್ಪತ್ತು ಸಲ ಹೀಗೆ ಮಾಡಿ, ಇರುಳು ಮಲಗಿದ ಗಂಟೆಗಳೊಡನೆ ಪುಸ್ತಕದಲ್ಲಿ ಬರೆದಿಡಿ. ಮುಂದೆ ಆಟ ನೋಡಿ ಬಂದ ದಿನವೂ ಪರೀಕ್ಷೆಯ ವಾರದಲ್ಲಿಯೂ ಅದನ್ನೇ ಮಾಡಿ ಹೋಲಿಸಿ. ಸರಾಸರಿಯನ್ನಷ್ಟೇ ನೋಡಿದರೆ ವ್ಯತ್ಯಾಸ ಸಣ್ಣದಾಗಿ ಕಂಡೀತು. ನಿದ್ದೆಗೆಟ್ಟವನು ಹಲವು ಸಲ ಎಂದಿನಂತೆಯೇ ಹಿಡಿದು, ನಡುವೆ ಒಂದೆರಡು ಸಲ ಪೂರ್ತಿಯಾಗಿ ತಪ್ಪುತ್ತಾನೆ. ಆದುದರಿಂದ ಇಪ್ಪತ್ತರಲ್ಲಿ ಎಷ್ಟು ಸಲ ಅಳತೆಗೋಲು ಬೆರಳಿಗೆ ಸಿಗದೆ ನೆಲಕ್ಕೆ ಬಿದ್ದಿತೆಂಬುದನ್ನು ಬೇರೆಯಾಗಿ ಎಣಿಸಿ ಬರೆಯಬೇಕು.